ಪಚ್ಚೆಗೂಡಿನ ತೇವ

ಮುಬೀನಾ ಮಾಡಿದ ಎಲೆಯನ್ನು ಕೈಗೆ ತೆಗೆದುಕೊಂಡವರೆಲ್ಲ ಮೊದಲು ಅದನ್ನು ಮೂಸಿ ನೋಡುತ್ತಿದ್ದರು. ಕಣ್ಣಿಗೆ ಇದ್ದಿಲಿನಷ್ಟು ಕಪ್ಪು, ಮೂಗಿಗೆ ಹಿಪ್ಪುನೇರಳೆ ಸೊಪ್ಪಿನ ವಾಸನೆ. ಅಂಗೈಯಗಲದ ಹಾಳೆ, ಮಡಿಸಿದರೆ ಮಡಿಯುತ್ತಿತ್ತು, ಬಿಟ್ಟರೆ ಬಿಚ್ಚಿಕೊಳ್ಳುತ್ತಿತ್ತು. ತಾನಿರುವ ಜಾಗದ ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಹೇಳುವುದಷ್ಟೇ ಅದರ ಕೆಲಸ. ಅಷ್ಟು ಕೆಲಸಕ್ಕೆ ಮೈಸೂರಿನ ಪ್ರಯೋಗಾಲಯದಲ್ಲಿ ಅವಳ ಆರು ವರ್ಷ ಹೋಗಿತ್ತು.

"ಇದರಲ್ಲಿ ಪ್ಲಾಸ್ಟಿಕ್ ಒಂದು ಎಳೆಯೂ ಇಲ್ಲ ಸರ್," ಎಂದು ಅವಳು ತನ್ನ ಮುಖ್ಯಸ್ಥ ಡಾ. ನಾಗಭೂಷಣರಿಗೆ ಹೆಮ್ಮೆಯಿಂದ ಹೇಳಿದ್ದಳು. "ನಾರು ಹಿಪ್ಪುನೇರಳೆ ತೊಗಟೆಯದು. ಇದ್ದಿಲು ಅದೇ ಗಿಡದ ಕಡ್ಡಿ ಸುಟ್ಟು ಮಾಡಿದ್ದು. ಅಂಟು ಕೂಡ ಅದರ ಎಲೆ ಅರೆದು ತೆಗೆದಿದ್ದೇ. ರೇಷ್ಮೆ ಹುಳುಗಳಿಗೆ ಇದು ಹೊರಗಿನ ವಸ್ತು ಅನ್ನಿಸೋದೇ ಇಲ್ಲ."

ಆ ಕೊನೆಯ ಮಾತು ಎಷ್ಟು ನಿಜವೆಂಬುದು ಕೋಣೆಯಲ್ಲಿದ್ದ ಇಬ್ಬರು ವಿಜ್ಞಾನಿಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಓದಿದವರ ಹಣೆಬರಹವೇ ಅಷ್ಟು.

ಎಲೆಯ ಗುಟ್ಟೇನೂ ದೊಡ್ಡದಲ್ಲ. ನಾರಿನ ನಡುವೆ ಇದ್ದಿಲಿನ ಸಣ್ಣ ಕಣಗಳು ಒಂದಕ್ಕೊಂದು ತಾಗಿಕೊಂಡು ಕೂತಿರುತ್ತವೆ. ಮದುವೆಮನೆಯಲ್ಲಿ ಬಾವಿಯಿಂದ ಅಡುಗೆಯವರ ತನಕ ಸಾಲಾಗಿ ನಿಂತು ಬಿಂದಿಗೆ ದಾಟಿಸುತ್ತಾರಲ್ಲ, ಹಾಗೆ ಅವು ವಿದ್ಯುತ್ತನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಗಾಳಿಯಲ್ಲಿ ತೇವ ಹೆಚ್ಚಾದರೆ ನಾರು ನೀರು ಕುಡಿದು ಉಬ್ಬುತ್ತದೆ, ಕಣಗಳು ದೂರ ಸರಿಯುತ್ತವೆ, ಬಿಂದಿಗೆ ದಾಟುವುದು ಕಷ್ಟವಾಗುತ್ತದೆ. ಎಷ್ಟು ಕಷ್ಟವಾಯಿತೆಂದು ಅಳೆದರೆ ಎಷ್ಟು ತೇವವಿದೆ ಎಂದು ಗೊತ್ತಾಗುತ್ತದೆ.

ಇದೆಲ್ಲ ನಡೆಯುವುದು ಇಂದಿಗೆ ಇಪ್ಪತ್ತು ವರ್ಷ ಮುಂದೆ. ಆದರೂ ನಡೆದುಹೋದದ್ದೆಂಬಂತೆ ಹೇಳುವ ಸಲಿಗೆ ಕಥೆ ಹೇಳುವವರಿಗೆ ಇದ್ದೇ ಇದೆ. ಆ ಹೊತ್ತಿಗೆ ಬೇಸಿಗೆ ಎಂಟು ತಿಂಗಳಿಗೆ ಹಿಗ್ಗಿತ್ತು. ದಪ್ಪ ದಪ್ಪ ಬಿಳಿ ಗೂಡು ಕಟ್ಟುತ್ತಿದ್ದ ಮಿಶ್ರತಳಿಯ ಹುಳುಗಳು ಸೆಕೆ ತಾಳಲಾರದೆ ತಟ್ಟೆ ತಟ್ಟೆಯಾಗಿ ಸಾಯತೊಡಗಿದ್ದವು. ಸೆಕೆ ತಡೆಯುವ ಹಳೆಯ ತಳಿಯೊಂದನ್ನು ಬೆರೆಸದಿದ್ದರೆ ರೇಷ್ಮೆಯ ಹೆಸರೇ ಉಳಿಯುವುದಿಲ್ಲ ಎಂದಾಗ ಎಲ್ಲರಿಗೂ ನೆನಪಾದದ್ದು ಪಚ್ಚೆಗೂಡು. ಸಣ್ಣ ಹುಳು, ತಿಳಿಹಸಿರು ಗೂಡು, ನೂಲು ಕಡಿಮೆ. ಕಡಿಮೆಯೆಂದೇ ಊರೂರಿನವರು ಅದನ್ನು ಎಂದೋ ಕೈಬಿಟ್ಟಿದ್ದರು. ಹುಡುಕಿದರೆ ಎರಡೇ ಮನೆಗಳಲ್ಲಿ ಸಿಕ್ಕಿತು. ಅದರಲ್ಲೊಂದು ಮನೆಯ ಹುಳುಗಳು ಹಿಂದಿನ ವರ್ಷ ಗಂಟುರೋಗಕ್ಕೆ ಹೋದವು. ಉಳಿದದ್ದು ಮಾಗಡಿ ಕಡೆಯ ಕಲ್ಲುದೇವನಹಳ್ಳಿಯ ಚನ್ನಾಜಮ್ಮನ ಹುಳುಮನೆ ಒಂದೇ.

ಚನ್ನಾಜಮ್ಮನಿಗೆ ಅರವತ್ತರ ಹತ್ತಿರ. "ನಮ್ಮತ್ತೆ ಕೈಗೆ ಕೊಟ್ಟೋಗಿದ್ದು ಕಣವ್ವ. ನೂಲು ಕಮ್ಮಿ ಅಂತ ಮಗೀನ ಬಿಟ್ಬುಡೋಕಾಯ್ತದಾ?" ಎಂಬುದು ಅವರು ಪಚ್ಚೆಗೂಡನ್ನು ಉಳಿಸಿಕೊಂಡದ್ದಕ್ಕೆ ಕೊಟ್ಟ ಒಂದೇ ಕಾರಣ. ಹುಳುಮನೆಯ ತೇವ ನೋಡಲು ಅವರು ತಟ್ಟೆಯ ಸೊಪ್ಪೊಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ಹೆಚ್ಚಾಯಿತು ಅನ್ನಿಸಿದರೆ ಕಿಟಕಿ ತೆರೆಯುವುದು, ಕಡಿಮೆಯಾಯಿತು ಅನ್ನಿಸಿದರೆ ಒದ್ದೆ ಗೋಣಿ ಇಳಿಬಿಡುವುದು. ನಲವತ್ತು ವರ್ಷ ಆ ಕೆನ್ನೆ ತಪ್ಪಿರಲಿಲ್ಲ. ಈಗ ಬೆಳಿಗ್ಗೆ ಹಬೆ, ಮಧ್ಯಾಹ್ನ ಒಲೆ ಎನ್ನುವಂಥ ಹವೆಯಲ್ಲಿ ಕೆನ್ನೆಯೂ ಸೋತಿತ್ತು. ಆ ಬೆಳೆಯಲ್ಲಿ ಮುಕ್ಕಾಲು ಪಾಲು ಹುಳು ಹೋಗಿ, ಹತ್ತು ತಟ್ಟೆಗಳಲ್ಲಿ ಎರಡು ಸಾವಿರದಷ್ಟು ಉಳಿದಿದ್ದವು. ಭೂಮಿಯ ಮೇಲೆ ಪಚ್ಚೆಗೂಡು ಎಂದರೆ ಅಷ್ಟೇ.

ಮುಬೀನಾ ಕಾಲು ತೊಳೆದು, ಹೊಸ್ತಿಲಿನ ಸುಣ್ಣದ ಪುಡಿ ತುಳಿದು ಹುಳುಮನೆಯೊಳಗೆ ಹೋದಾಗ ಹುಳುಗಳು ನಾಲ್ಕನೇ ಜ್ವರದಲ್ಲಿದ್ದವು. ಪೊರೆ ಬಿಡುವ ಮುಂಚೆ ಅವು ಮೇವು ಬಿಟ್ಟು, ತಲೆ ಎತ್ತಿಕೊಂಡು ಒಂದೂವರೆ ದಿನ ಅಲ್ಲಾಡದೆ ಇರುತ್ತವೆ. ಅದಕ್ಕೆ ಆ ಕಡೆ ಜ್ವರ ಎನ್ನುತ್ತಾರೆ. ತೇವ ಹೆಚ್ಚು ಕಡಿಮೆಯಾದರೆ ಹುಳುವಿಗೆ ಆಪತ್ತು ಬರುವುದು ಆಗಲೇ. ಹಾಗಾಗಿ ಪ್ರಯೋಗಾಲಯದಲ್ಲೂ ಎಲೆಯನ್ನು ಪರೀಕ್ಷಿಸಿದ್ದು ಜ್ವರದ ಹುಳುಗಳ ಮೇಲೆಯೇ. ತಟ್ಟೆಗೆ ನಾಲ್ಕರಂತೆ ನಲವತ್ತು ಎಲೆಗಳನ್ನು ಚನ್ನಾಜಮ್ಮ ತಾವೇ ಹಾಸಿದರು. ಸ್ವಲ್ಪ ಹೊತ್ತಿಗೆಲ್ಲ ಗೋಡೆ ಪಕ್ಕದ ತಟ್ಟೆಯಲ್ಲಿ ತೇವ ಏರುತ್ತಿದೆ ಎಂದು ಮುಬೀನಾಳ ಫೋನು ಹೇಳಿತು. ಚನ್ನಾಜಮ್ಮ ಹೋಗಿ ಸೊಪ್ಪನ್ನು ಕೆನ್ನೆಗೆ ಒತ್ತಿದರು, ಏನೂ ತಿಳಿಯಲಿಲ್ಲ. ಕಾಲು ಗಂಟೆ ಬಿಟ್ಟು ಮತ್ತೆ ಒತ್ತಿದರು.

"ಹೌದಲ್ಲವ್ವ! ನನ್ ಕೆನ್ನೆಗಿಂತ ಮುಂಚೆ ಹೇಳ್ಬುಡ್ತು ನಿನ್ನೆಲೆ," ಎಂದು ಅವರು ಬೆರಗಿನಿಂದ ಅದನ್ನು ಸವರಿದರು. ಮುಬೀನಾಳಿಗೆ ಆರು ವರ್ಷ ಸಾರ್ಥಕವಾಯಿತು. ಸಂತೋಷದಿಂದ ಮೈಸೂರಿಗೆ ಬಸ್ಸು ಹತ್ತಿದಳು.

ಮರುದಿನ ಮಧ್ಯಾಹ್ನ ಪ್ರಯೋಗಾಲಯದ ಪರದೆಯ ಮೇಲೆ ನಲವತ್ತು ಗೆರೆಗಳು ನೆಟ್ಟಗೆ ಓಡುತ್ತಿದ್ದವು. ಮೂರು ಗಂಟೆಗೆ ಒಂದು ಗೆರೆ ಕುಣಿದು ನಿಂತುಹೋಯಿತು. ಹತ್ತು ನಿಮಿಷಕ್ಕೆ ಇನ್ನೊಂದು. ನಾಲ್ಕಾಗುವಷ್ಟರಲ್ಲಿ ಹತ್ತೊಂಬತ್ತು ಗೆರೆಗಳು ಇಲ್ಲವಾಗಿದ್ದವು. ಮುಬೀನಾ ಫೋನು ಮಾಡಿದಳು.

"ಅಮ್ಮಾ, ಎಲೆಗಳು ಒಂದೊಂದಾಗಿ ಮಾತು ನಿಲ್ಲಿಸ್ತಿವೆ. ತಂತಿ ಎಲ್ಲಾದ್ರೂ ಸಡಿಲ ಆಗಿದ್ಯಾ ನೋಡ್ತೀರಾ?"

ಚನ್ನಾಜಮ್ಮ ಹೋಗಿ ನೋಡಿ ಬಂದರು. "ತಂತಿ ನೆಟ್ಟಗೈತೆ ಕಣವ್ವ. ಎಲೇನೇ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಹುಳ ತಿಂದವೆ. ಜ್ವರ ಬಿಟ್ಟೆದ್ದಿರೋ ಹುಳದ ಮುಂದೆ ಸೊಪ್ಪಿನ ವಾಸ್ನೆ ಇರೋದ್ನ ಹಾಸಿ, ತಿನ್ಬ್ಯಾಡ ಅಂದ್ರೆ ಕೇಳ್ತವಾ? ನೀನು ರಾಮನಗರದೋಳು, ಅಷ್ಟೂ ಹೊಳೀಲಿಲ್ವಾ?"

ಮುಬೀನಾಳ ತಂದೆ ರಾಮನಗರದಲ್ಲಿ ಗೂಡು ಕುದಿಸಿ ನೂಲು ತೆಗೆಯುವ ಬಿಚ್ಚಾಣಿಕೆಯವರು. "ನಮ್ಮನೆಗೆ ಗೂಡು ಬರ್ತಿತ್ತು ಅಮ್ಮಾ, ಹುಳು ಬರ್ತಿರಲಿಲ್ಲ," ಎಂದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆದರೆ ಅವಳು ಹೆದರಿದ್ದು ಆರು ವರ್ಷದ ಕೆಲಸ ಹೋಯಿತೆಂದಲ್ಲ. ಅಷ್ಟರಲ್ಲಿ ಉಳಿದ ಗೆರೆಗಳೂ ನಿಂತಿದ್ದವು, ಎರಡು ಸಾವಿರ ಹುಳುಗಳೂ ಇದ್ದಿಲು ತಿಂದಿದ್ದವು. ಅವು ಸತ್ತರೆ ಒಂದು ತಳಿಯನ್ನೇ ಜಗತ್ತಿನಿಂದ ಅಳಿಸಿದವಳು ಅವಳು.

ಮಾರನೆಯ ದಿನ ಕಲ್ಲುದೇವನಹಳ್ಳಿಯಲ್ಲಿ ಇಳಿದಾಗ ಚನ್ನಾಜಮ್ಮನ ಗಂಡ ಗಿರಿಯಪ್ಪ ಜಗಲಿಯ ಮೇಲೆ ಕೂತಿದ್ದರು. "ಬಂದ್ರು ನೋಡು ಇಂಜಿನಿಯರಮ್ಮ," ಎಂದರು, ಮುಖ ನೋಡದೆ. "ನಮ್ಮಪ್ಪನ ಕಾಲದಿಂದ ಈ ಮನೇಲಿ ಹುಳ ಸಾಕ್ತಾವ್ರೆ. ಮಸಿ ತಿನ್ಸಿದೋರು ಒಬ್ರೂ ಇರ್ಲಿಲ್ಲ."

"ಅವ್ಳನ್ಯಾಕೆ ಅಂತೀರಾ? ಹಾಸಿದ್ದು ನನ್ ಕೈ. ನನ್ಗಾದ್ರೂ ಹೊಳೀತಾ?" ಎಂದು ಚನ್ನಾಜಮ್ಮ ಒಳಗಿನಿಂದಲೇ ಗದರಿದರು. ಆ ಒಂದು ಮಾತಿಗೆ ಮುಬೀನಾ ಅವರಿಗೆ ಮಗಳಾಗಿಬಿಟ್ಟಳು.

ಹುಳುಗಳು ಗೂಡು ಕಟ್ಟುವ ತನಕ ಅವಳು ಅಲ್ಲೇ ಉಳಿದಳು. ಸೊಪ್ಪು ಕೊಯ್ದಳು, ತಟ್ಟೆಯ ಹಿಕ್ಕೆ ತೆಗೆದಳು. ಹಿಕ್ಕೆ ಸಾಸಿವೆಯಂತೆ ಕಪ್ಪಾಗಿ ಹೊಳೆಯುತ್ತಿತ್ತು. ಹುಳುಗಳು ಮಂದವಾಗಿದ್ದವು, ಹಾಕಿದ ಸೊಪ್ಪಿನಲ್ಲಿ ಅರ್ಧ ಮಿಗುತ್ತಿತ್ತು. ಅಲ್ಲೊಂದು ಇಲ್ಲೊಂದು ಸಾಯುತ್ತಿದ್ದವು. ಸತ್ತವನ್ನು ಚನ್ನಾಜಮ್ಮ ಮಾತಾಡದೆ ಎತ್ತಿ ಸುಣ್ಣದ ಗುಂಡಿಗೆ ಹಾಕುತ್ತಿದ್ದರು. ಹುಳುಮನೆಯೊಳಗೆ ಸಾವಿನ ಮಾತೆತ್ತುವ ರೂಢಿ ಅವರಲ್ಲಿಲ್ಲ. ಒಂದು ದಿನ ತಡವಾಗಿ, ಅಂತೂ, ಹುಳುಗಳ ಮೈ ಬೆಳಕು ಹಾಯುವಷ್ಟು ತಿಳಿಯಾಯಿತು.

"ಹಣ್ಣಾದ್ವು," ಎಂದರು ಚನ್ನಾಜಮ್ಮ, ಮೊದಲ ಸಲ ನಕ್ಕು. ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟರು. ಮೂರು ದಿನಕ್ಕೆ ಚಂದ್ರಿಕೆಯ ತುಂಬ ಗೂಡು. ತಿಳಿಹಸಿರಿನ ಮೇಲೆ ಸಣ್ಣಗೆ ಬೂದಿ ಬಣ್ಣ ಮುಸುಕಿತ್ತು. ಅಂಥ ಬಣ್ಣದ ಗೂಡನ್ನು ಚನ್ನಾಜಮ್ಮನ ಅತ್ತೆಯೂ ನೋಡಿರಲಾರರು.

ಗೂಡು ಕಟ್ಟಿದ ಐದನೆಯ ದಿನ, ಒಳಗೇ ಸತ್ತು ಕಲೆ ಬಿದ್ದ ಒಂದು ಗೂಡನ್ನು ಚನ್ನಾಜಮ್ಮ ಅವಳ ಕೈಗಿಟ್ಟರು. "ತಗಂಡೋಗಿ ನೋಡು ಮಗ, ಇದು ಯಾಕಿಂಗಾಯ್ತು ಅಂತ."

ಪ್ರಯೋಗಾಲಯದಲ್ಲಿ ಮುಬೀನಾ ಅದಕ್ಕೆ ಎರಡು ಸೂಜಿ ತಾಗಿಸಿದ್ದು ಇದ್ದಿಲು ಗೂಡಿನವರೆಗೂ ಬಂದಿದೆಯೇ ಎಂದು ನೋಡಲಷ್ಟೇ. ಪರದೆಯ ಮೇಲೆ ಗೆರೆ ಮೂಡಿತು. ನೋಡೋಣವೆಂದು ಬಗ್ಗಿದಳು. ಅವಳ ಉಸಿರು ತಾಗಿದ್ದೇ ಗೆರೆ ಥಟ್ಟನೆ ಮೇಲೆದ್ದಿತು, ಉಸಿರು ಒಳಗೆಳೆದುಕೊಂಡರೆ ಇಳಿಯಿತು. ಮತ್ತೆ ಉಸಿರು ಬಿಟ್ಟಳು. ಮತ್ತೆ ಎದ್ದಿತು. ಅವಳ ಎಲೆಗೆ ಹನ್ನೆರಡು ಸೆಕೆಂಡು ಬೇಕಾಗುತ್ತಿದ್ದ ಕೆಲಸವನ್ನು ಈ ಗೂಡು ಅರ್ಧ ಸೆಕೆಂಡಿನಲ್ಲಿ ಮಾಡುತ್ತಿತ್ತು.

"ಸರ್!" ಎಂದು ಅವಳು ಕೂಗಿದ್ದಕ್ಕೆ ನಾಗಭೂಷಣರು ಊಟದ ಡಬ್ಬಿ ಬಿಟ್ಟು ಓಡಿಬಂದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಹುಳು ತಾನು ತಿಂದ ಇದ್ದಿಲಿನ ಅತಿ ಸಣ್ಣ ಕಣಗಳನ್ನು ಆರಿಸಿ ನೂಲಿನ ಉದ್ದಕ್ಕೂ ಪೋಣಿಸಿತ್ತು. ಸುತ್ತ ರೇಷ್ಮೆಯ ಅಂಟು, ತೇವ ಕಂಡರೆ ಕುಡಿಯುವಂಥದ್ದು. ಯಂತ್ರಕ್ಕೆ ಬಾರದ ಅಚ್ಚುಕಟ್ಟು. ಮುಬೀನಾಳಿಗೆ ಸ್ವಲ್ಪವೂ ಹೊಟ್ಟೆಕಿಚ್ಚಾಗಲಿಲ್ಲ. ಆ ಹುಳುವಿಗೆ ಕೈ ಮುಗಿಯಬೇಕು ಅನ್ನಿಸಿತು.

"ಇದರಲ್ಲಿ ಬಟ್ಟೆ ನೇಯ್ದರೆ?" ಎಂದರು ನಾಗಭೂಷಣರು. "ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಹೊದಿಸಬಹುದು. ಮೈಗೆ ಏನೂ ಅಂಟಿಸದೆ ಒಂದೊಂದು ಉಸಿರನ್ನೂ ಬಟ್ಟೆಯೇ ಎಣಿಸುತ್ತೆ."

ಆಮೇಲೆ ಗೂಡನ್ನು ಕೊಯ್ದರು. ಒಳಗೆ, ಚಿಟ್ಟೆಯಾಗಲು ಹೊರಟಿದ್ದ ಕೋಶದ ಹೊಟ್ಟೆಯಲ್ಲಿ ಇದ್ದಿಲು ಗಂಟು ಕಟ್ಟಿತ್ತು. ನಾಗಭೂಷಣರು ಚಿಮಟ ಕೆಳಗಿಟ್ಟರು.

"ಉಳಿದವೂ ಹೀಗೇ ಇರುತ್ತವೆ ಮುಬೀನಾ. ನಮ್ಮ ಮಿಶ್ರತಳಿಗೂ ಎಲೆ ತಿನ್ನಿಸಿ ನೋಡಿದ್ದಾಯ್ತು, ಎರಡೇ ದಿನಕ್ಕೆ ಸತ್ತವು. ಇಂಥ ನೂಲು ಕಟ್ಟಿದ್ದು ಪಚ್ಚೆಗೂಡು ಒಂದೇ. ಒಳಗೆ ಕೊಳೆತರೆ ಗೂಡೂ ಹಾಳು. ಈಗಲೇ ಕುದಿಸಿ ನೂಲು ತೆಗೆದರೆ ಇಂಥದ್ದೊಂದು ಇತ್ತು ಅಂತಾದರೂ ಉಳಿಯುತ್ತೆ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಕೋಶಗಳು ಬದುಕಿದ್ದು ಚಿಟ್ಟೆಯಾಗಿ ಮೊಟ್ಟೆಯಿಟ್ಟರೆ ತಳಿಯೂ ಉಳಿಯುತ್ತದೆ, ಮುಂದಿನ ಬೆಳೆಗೆ ಅಳತೆ ನೋಡಿ ಎಲೆ ತಿನ್ನಿಸಿ ನೂಲನ್ನೂ ಪಡೆಯಬಹುದು. ಸತ್ತಿದ್ದರೆ, ಕಾದಷ್ಟೂ ಎರಡೂ ಇಲ್ಲ. ಸತ್ತಿವೆಯೋ ಇಲ್ಲವೋ ಎಂಬುದೊಂದೇ ಪ್ರಶ್ನೆ, ಅದನ್ನು ಗೂಡು ಒಡೆಯದೆ ಹೇಳಬಲ್ಲವರು ಯಾರೂ ಇರಲಿಲ್ಲ.

ಮುಬೀನಾ ಹಳ್ಳಿಗೆ ಹಿಂತಿರುಗಿ ಒಂದನ್ನೂ ಮುಚ್ಚಿಡದೆ ಹೇಳಿದಳು. ಗಿರಿಯಪ್ಪ ಬಹಳ ಹೊತ್ತು ಗಡ್ಡ ಕೆರೆದುಕೊಂಡರು. "ಸತ್ತಿದ್ರೆ ಇಟ್ಕಂಡು ಏನ್ ಮಾಡಾದು? ಎಳೆ ಮಕ್ಳಿಗೆ ಬಟ್ಟೆಯಾಯ್ತದೆ ಅಂತಾಳಲ್ಲ, ಕೊಟ್ಬುಡು."

ಚನ್ನಾಜಮ್ಮ ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. "ಬದುಕಿರೋದೂ ಅಲ್ಲಾಡ್ತದೆ, ಒಣಗಿರೋದೂ ಅಲ್ಲಾಡ್ತದೆ. ನಂಗೂ ಗೊತ್ತಾಯ್ತಾ ಇಲ್ಲ." ಗೂಡನ್ನು ಕೆಳಗಿಟ್ಟು ಮುಬೀನಾಳತ್ತ ತಿರುಗಿದರು. "ಕುದ್ಸಿದ್ಮ್ಯಾಲೆ ಬದುಕಿತ್ತು ಅಂತ ಗೊತ್ತಾದ್ರೆ ಏನ್ ಮಾಡ್ತೀಯ ಮಗ?"

ಮುಬೀನಾ ಎದ್ದಳು. ಅಂಗಳಕ್ಕೆ ಬಂದು ನಾಗಭೂಷಣರಿಗೆ ಫೋನು ಮಾಡಿದಳು. "ಸರ್, ಕುದಿಸೋದು ಬೇಡ. ಕಾಯ್ತೀನಿ."

"ಕೊಳೆತರೆ ಎರಡೂ ಹೋಯಿತು ಅಂತ ಗೊತ್ತು ತಾನೇ?"

"ಗೊತ್ತು ಸರ್."

ಸುಮ್ಮನೆ ಕೂರಲಾರದೆ ಅವಳು ತಟ್ಟೆಗಳ ಮೇಲೆ ಹರಡಿದ್ದ ಗೂಡುಗಳಲ್ಲಿ ನಲವತ್ತನ್ನು ಆರಿಸಿ, ಕೂದಲಿನಷ್ಟು ಸಣ್ಣ ತಂತಿಗಳನ್ನು ಅಂಟಿಸಿದಳು. ಅಂಟಿಸಲು ಸುಲಭವೆಂದು ಗೂಡಿನ ಮೂತಿಗೆ, ತುದಿಯ ಕಡೆಗೆ, ಅಂಟಿಸಿದಳು. ತಾವೇ ಸಂವೇದಕವಾದ ಗೂಡುಗಳು ಏನು ಹೇಳುತ್ತವೆಂದು ಬರೆದಿಟ್ಟುಕೊಳ್ಳೋಣ ಎಂಬುದಷ್ಟೇ ಅವಳ ಲೆಕ್ಕ. ಅವು ಕೋಣೆಯ ತೇವವನ್ನಷ್ಟೇ ಹೇಳುತ್ತಿದ್ದವು.

ಪಚ್ಚೆಗೂಡಿನ ಚಿಟ್ಟೆ ಗೂಡು ಕಟ್ಟಿದ ಹನ್ನೊಂದನೆಯ ದಿನಕ್ಕೆ ಹೊರಬರಬೇಕು. ಹನ್ನೊಂದು ಕಳೆಯಿತು. ಹನ್ನೆರಡೂ ಕಳೆಯಿತು. ಹನ್ನೆರಡರ ಸಂಜೆ ನಾಗಭೂಷಣರು ತಾವೇ ಬಂದರು, ಗೂಡು ಒಯ್ಯಲು ಐಸ್ ಪೆಟ್ಟಿಗೆಯ ಸಮೇತ. ಬಯ್ಯಲಿಲ್ಲ. ಚನ್ನಾಜಮ್ಮ ಹಾಕಿದ ಮುದ್ದೆಯನ್ನು ಉಂಡು, "ನಾಳೆ ಬೆಳಿಗ್ಗೆ ನೋಡಿ ತಗೊಂಡು ಹೋಗ್ತೀನಮ್ಮ," ಎಂದರು. ಚನ್ನಾಜಮ್ಮ ಹೂಂ ಎಂದರು.

ಹದಿಮೂರನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಮುಬೀನಾ ಪರದೆಯ ಮುಂದಿದ್ದಳು. ಹದಿನೇಳನೆಯ ಗೂಡಿನ ಗೆರೆ ಮೆಲ್ಲಗೆ ಏರಿತು. ತನ್ನ ಉಸಿರು ತಾಗಿತೇನೋ ಎಂದು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಗೆರೆ ಇನ್ನೂ ಏರಿತು. ಮೂರನೆಯದು ಏರಿತು, ಮೂವತ್ತನೆಯದು ಏರಿತು.

"ಸರ್, ಕೋಣೆಯ ತೇವ ಇದ್ದಷ್ಟೇ ಇದೆ. ಗೂಡಿನ ತೇವ ಮಾತ್ರ ಹೆಚ್ಚಾಗ್ತಿದೆ."

ನಾಗಭೂಷಣರು ಕನ್ನಡಕ ತೆಗೆದು ಒರೆಸಿಕೊಂಡರು. "ಒಳಗೆ ನೀರೊಡೀತಾ ಇದೆ ಮುಬೀನಾ. ಕೊಳೆಯೋದಕ್ಕೆ ಶುರುವಾಯ್ತು," ಎಂದು ಸಣ್ಣ ದನಿಯಲ್ಲಿ ಹೇಳಿದರು.

ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಅಂಗಳ ಗುಡಿಸಿ ಬಂದ ಚನ್ನಾಜಮ್ಮ ವಿಷಯ ಕೇಳಿ, ಪರದೆಯ ಕಡೆ ತಿರುಗಿಯೂ ನೋಡದೆ ಕೇಳಿದರು: "ಒದ್ದೆ ಎಲ್ಲಿ? ತಟ್ಟೆಗೆ ತಾಗಿರೋ ಮಗ್ಗುಲಲ್ಲೋ, ಮೂತೀಲೋ?"

"ಮೂತಿ ಕಡೆ ಅಮ್ಮಾ. ತಂತಿ ಇರೋದೇ ಅಲ್ಲಿ."

"ಕೊಳತ್ರೆ ನೀರು ಕೆಳೀಕೆ ಇಳೀತದೆ, ಮೂತಿಗ್ಯಾಕೆ ಹೋಯ್ತದೆ?" ಚನ್ನಾಜಮ್ಮನ ದನಿ ಏರಿತು. "ಚಿಟ್ಟೆಗೆ ಹಲ್ಲಿಲ್ಲ ಕಣ್ರವ್ವ. ಬಾಯಿಂದ ನೀರು ಬಿಟ್ಕಂಡು, ಮೂತಿ ನೆನೆಸ್ಕಂಡು, ಎಳೆ ಸರಿಸ್ಕಂಡು ಬತ್ತದೆ. ಕಣ್ಣಿಗೆ ಕಾಣೋಕೆ ಇನ್ನೂ ಟೇಮು ಬೇಕು. ನಿನ್ನ ಗೂಡು ಮುಂಚೇನೇ ಹೇಳ್ತಾ ಐತೆ!"

ಮೂವರೂ ಹದಿನೇಳನೆಯ ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತರು. ಮೂತಿಯಲ್ಲಿ ಸಾಸಿವೆಯಷ್ಟು ಒದ್ದೆ ಕಲೆ ಮೂಡಿ, ಕಡಲೆಯಷ್ಟಾಯಿತು. ಎಳೆಗಳು ಸರಿದವು. ಒದ್ದೆ ತಲೆಯೊಂದು ಹೊರಗೆ ಬಂದು, ಕಾಲೂರಿ, ಉಳಿದ ಮೈಯನ್ನು ಎಳೆದುಕೊಂಡಿತು. ಮುದುರಿದ ರೆಕ್ಕೆ ಕಾಲು ಗಂಟೆಯಲ್ಲಿ ಹರಡಿ ಬೆಳ್ಳಗಾಯಿತು. ಲಕ್ಷಗಟ್ಟಲೆ ಗೂಡುಗಳ ನಡುವೆ ಬೆಳೆದ ಮುಬೀನಾ ಅದುವರೆಗೆ ಒಂದು ಗೂಡಿನಿಂದಲೂ ಚಿಟ್ಟೆ ಬರುವುದನ್ನು ನೋಡಿರಲಿಲ್ಲ. ಅವಳು ನಾಚಿಕೆಯಿಲ್ಲದೆ ಅತ್ತಳು.

"ಗಂಡು," ಎಂದರು ಚನ್ನಾಜಮ್ಮ, ಅದರ ಸಣ್ಣ ಹೊಟ್ಟೆ ನೋಡಿ.

ಎರಡನೆಯದೂ ಗಂಡು. ಹತ್ತನೆಯದೂ ಗಂಡು. ಬಿಸಿಲು ಕಿಟಕಿಯೊಳಗೆ ಬರುವಷ್ಟರಲ್ಲಿ ಇನ್ನೂರು ಚಿಟ್ಟೆಗಳು ಹೊರಬಂದಿದ್ದವು, ಎಲ್ಲವೂ ಗಂಡು. ಗಂಡು ಮೊದಲು ಬರುವುದು ವಾಡಿಕೆಯೇ. ಆದರೆ ಹೊತ್ತು ಮೀರುತ್ತಿತ್ತು. ನಾಗಭೂಷಣರು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದರು. ಕೊನೆಗೆ ಮುಬೀನಾಳೇ ಹೇಳಿದಳು: "ಹೆಣ್ಣು ಹುಳು ಮೈಯಲ್ಲಿ ದೊಡ್ಡದು ಅಲ್ವಾ ಅಮ್ಮಾ. ಅದು ಹೆಚ್ಚು ತಿನ್ನುತ್ತೆ. ಇದ್ದಿಲನ್ನೂ ಹೆಚ್ಚು ತಿಂದಿರುತ್ತೆ."

ಗಂಡು ಚಿಟ್ಟೆಗಳು ತಟ್ಟೆಯ ಮೇಲೆ ಅಂಟಿಸಿಟ್ಟಂತೆ ಕೂತಿದ್ದವು. ಅವಕ್ಕೆ ಹಾರಲೂ ಬಾರದು, ತಿನ್ನಲೂ ಬಾರದು. ಹೆಣ್ಣು ಬಾರದಿದ್ದರೆ ನಾಲ್ಕೈದು ದಿನ ಹೀಗೇ ಕೂತು ಸಾಯುವುದಷ್ಟೇ ಅವುಗಳ ಪಾಲಿಗೆ ಉಳಿದದ್ದು. ನಾಗಭೂಷಣರು ಐಸ್ ಪೆಟ್ಟಿಗೆಯನ್ನು ನೋಡಿ ಮುಖ ತಿರುಗಿಸಿಕೊಂಡರು.

ಆಗ ಮೂಲೆಯ ತಟ್ಟೆಯಲ್ಲಿ ಒಂದು ಗಂಡಿನ ರೆಕ್ಕೆ ಅದುರಿತು. ಅದರ ಪಕ್ಕದ್ದೂ ಅದುರಿತು. ನೋಡುತ್ತಿದ್ದಂತೆ ತಟ್ಟೆಯಿಂದ ತಟ್ಟೆಗೆ ಹಬ್ಬಿ, ಇನ್ನೂರು ಚಿಟ್ಟೆಗಳೂ ರೆಕ್ಕೆ ಬಡಿಯುತ್ತ ಸುತ್ತು ಸುತ್ತು ಓಡತೊಡಗಿದವು. ಹುಳುಮನೆಯ ತುಂಬ ಸಣ್ಣ ಮಳೆ ಹುಯ್ದ ಸದ್ದು.

"ಏನಾಯ್ತು ಇವಕ್ಕೆ?" ಎಂದು ನಾಗಭೂಷಣರು ಗಾಬರಿಯಿಂದ ಎದ್ದರು.

ಚನ್ನಾಜಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದರು.

"ವಾಸ್ನೆ ಸಿಕ್ತು ಅವಕ್ಕೆ. ಹೆಣ್ಣು ಬಂದೈತೆ."

ಎಲ್ಲಿ, ಯಾವ ಗೂಡಿನಿಂದ ಎಂದು ಮನುಷ್ಯರಲ್ಲಿ ಯಾರಿಗೂ ಇನ್ನೂ ಕಂಡಿರಲಿಲ್ಲ. ಹೊಸ್ತಿಲಿನ ಆಚೆ ನಿಂತಿದ್ದ ಗಿರಿಯಪ್ಪ ಮೊಟ್ಟೆ ಇಡಿಸುವ ಕಾಗದದ ಸುರುಳಿಯನ್ನು ಕಂಕುಳಿಂದ ತೆಗೆದರು.

"ಕಾಗ್ದ ಹಾಸ್ಲೇನೇ?" ಎಂದು ಕೇಳಿದರು.

"ಕಾಲು ತೊಳ್ಕಂಡು ಬನ್ನಿ," ಎಂದರು ಚನ್ನಾಜಮ್ಮ.